ಮೂರನೆಯ ದೇಶದ ಶಾಲೆ

“ಗುರುಗಳೇ, ಒಂದು ಪಾಠವನ್ನು ಕಲಿಸದೆ ಬಿಟ್ಟರೆ ಮಕ್ಕಳಿಗೆ ಏನು ನಷ್ಟ?” ಎಂದು ಪ್ರಭಾಮಣಿ ಕೇಳಿದಳು.

ಅವಳು ಶಾಲೆಯ ಉಪಾಧ್ಯಾಯಿನಿ. ಪಠ್ಯಪುಸ್ತಕ ಸಮಿತಿಯಲ್ಲೂ ಇದ್ದಳು. ಜೀವವಿಕಾಸದ ಪಾಠವನ್ನು ಬೇರೆ ಬೇರೆ ದೇಶಗಳಲ್ಲಿ ಹೇಗೆ ಕಲಿಸುತ್ತಾರೆಂದು ವರ್ಷವಿಡೀ ಓದಿದ್ದಳು. ಕೆಲವು ಕಡೆ ಎಳೆಯ ತರಗತಿಯಲ್ಲೇ ಹೇಳಿಕೊಡುತ್ತಿದ್ದರು. ಕೆಲವು ಕಡೆ ಪ್ರಾಣಿಗಳವರೆಗೆ ಹೇಳಿ, ಮನುಷ್ಯನ ವಿಷಯ ಬಂದೊಡನೆ ನಿಲ್ಲಿಸುತ್ತಿದ್ದರು. ಕೆಲವು ಕಡೆ ಪಾಠವೇ ಇರಲಿಲ್ಲ. ಅವಳ ಸಮಿತಿಯೂ ಅದನ್ನು ಕೈಬಿಡಲು ಹೊರಟಿತ್ತು. ಅವಳದೊಂದು ಸಹಿ ಬಾಕಿ ಇತ್ತು.

“ಪಾಠವಿದ್ದರೆ ಜಗಳ. ಇಲ್ಲದಿದ್ದರೆ ಯಾರಿಗೂ ತೊಂದರೆಯಿಲ್ಲವಲ್ಲ?” ಎಂದಳು.

ಗುರುಗಳು ಈ ಕತೆ ಹೇಳಿದರು.

ಒಬ್ಬ ಪರಿವೀಕ್ಷಕನಿದ್ದ. ನೆರೆಹೊರೆಯ ಮೂರು ದೇಶಗಳು ತಮ್ಮ ಮಕ್ಕಳಿಗೆಲ್ಲ ಒಂದೇ ಪುಸ್ತಕ ಇರಲಿ ಎಂದು ಒಪ್ಪಿದವು. ಯಾರ ಪುಸ್ತಕ ಒಳ್ಳೆಯದೆಂದು ನೋಡಿ ಬರಲು ಅವನನ್ನು ಕಳಿಸಿದವು. ಅವನು ಪ್ರಾಮಾಣಿಕ. ಯಾರ ಪಕ್ಷವನ್ನೂ ವಹಿಸಿದವನಲ್ಲ.

ಮೊದಲ ದೇಶದ ಪುಸ್ತಕದಲ್ಲಿ ಜೀವವಿಕಾಸದ ಪಾಠ ಪೂರ್ತಿ ಇತ್ತು. ಅವನು ಹೋದ ದಿನ ತರಗತಿಯಲ್ಲಿ ಗದ್ದಲ. ಒಂದು ಮಗು ಎದ್ದು ನಿಂತು ವಾದ ಮಾಡುತ್ತಿತ್ತು. ಇನ್ನೊಂದು, ನಮ್ಮಜ್ಜಿ ಹಾಗೆ ಹೇಳಿಲ್ಲ ಎಂದು ಅಳುತ್ತಿತ್ತು. ಒಬ್ಬ ತಂದೆ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದ. ಪರಿವೀಕ್ಷಕನಿಗೆ ತಲೆನೋವು ಬಂತು.

ಎರಡನೆಯ ದೇಶದಲ್ಲಿ ಪಾಠ ಕೋತಿಯವರೆಗೆ ಬಂದು ನಿಂತಿತ್ತು. ಮುಂದಿನ ಪುಟ ಖಾಲಿ. “ಆಮೇಲೆ?” ಎಂದು ಮಕ್ಕಳು ಕೇಳಿದರು. ಉಪಾಧ್ಯಾಯರು ಹೋಗಿ ಗಂಟೆ ಬಾರಿಸಿದರು.

ಮೂರನೆಯ ದೇಶದಲ್ಲಿ ಪಾಠವಿರಲಿಲ್ಲ. ಅಲ್ಲಿನ ಶಾಲೆ ಒಂದು ಗುಡ್ಡದ ಮೇಲಿತ್ತು. ಅದೇ ಗುಡ್ಡದ ಕಲ್ಲನ್ನು ಸೀಳಿ ನೆಲಕ್ಕೆ ಚಪ್ಪಡಿ ಹಾಸಿದ್ದರು. ನಲವತ್ತು ಮಕ್ಕಳು ಸಾಲಾಗಿ ಬಂದು ಕುಳಿತರು. ಒಂದು ಪಿಸುಮಾತಿಲ್ಲ. ಇಂಥ ಶಿಸ್ತನ್ನು ಅವನು ಎಲ್ಲಿಯೂ ಕಂಡಿರಲಿಲ್ಲ. ಅವನಿಗೆ ಸಂತೋಷವಾಯಿತು.

ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿಯ ಕೈಯಿಂದ ಬಳಪ ಜಾರಿತು. ಅದು ಅವಳ ಕಾಲ ಬಳಿಯೇ ಬಿದ್ದಿತ್ತು. ಹುಡುಗಿ ಮೇಲೆ ಜಂತಿಯನ್ನೇ ನೋಡುತ್ತ ಕೈಯಿಂದ ನೆಲ ತಡವಿದಳು. ಸಿಗಲಿಲ್ಲ. ಪಕ್ಕದವಳೂ ಜಂತಿಯನ್ನೇ ನೋಡುತ್ತ ತಡವತೊಡಗಿದಳು. ಪರಿವೀಕ್ಷಕ ಸುತ್ತ ಕಣ್ಣಾಡಿಸಿದ. ಮಕ್ಕಳು ಸ್ಲೇಟನ್ನು ಮುಖದೆದುರು ಎತ್ತಿ ಹಿಡಿದು ಬರೆಯುತ್ತಿದ್ದರು. ಬಂದಾಗಿನಿಂದ ಒಬ್ಬರೂ ಕಣ್ಣು ಕೆಳಗಿಳಿಸಿರಲಿಲ್ಲ.

ಅವನು ಕೆಳಗೆ ನೋಡಿದ.

ಚಪ್ಪಡಿಯಲ್ಲಿ ಮೂಳೆಗಳಿದ್ದವು, ಕಲ್ಲಾಗಿ ಹೋದ ಮೂಳೆಗಳು. ತಲೆ ಮೀನಿನದು. ಪಕ್ಕೆಯ ಮುಂದೆ ಒಂದು ಮೋಟು ಕಾಲು. ಆ ಕಾಲಿನ ತುದಿಯಲ್ಲಿ ಬಿಡಿಸಿಟ್ಟ ಐದು ಬೆರಳು. ಪಕ್ಕದ ಚಪ್ಪಡಿಯಲ್ಲಿ ಇನ್ನೊಂದು, ಅದರಾಚೆ ಮತ್ತೊಂದು. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ನೆಲದ ತುಂಬ ಅವೇ ಮಲಗಿದ್ದವು. ಬಳಪ ಹುಡುಕುತ್ತಿದ್ದ ಹುಡುಗಿಯ ಬೆರಳುಗಳು ಆ ಕಲ್ಲಿನ ಬೆರಳುಗಳ ಮೇಲೆಯೇ ಓಡಾಡುತ್ತಿದ್ದವು.

ಅವನು ಉಪಾಧ್ಯಾಯರನ್ನು ಬಾಗಿಲಾಚೆ ಕರೆದು ಕೇಳಿದ: “ಕೆಳಗೆ ನೋಡಬಾರದೆಂದು ಇವರಿಗೆ ಹೇಳಿದವರು ಯಾರು?”

“ಯಾರೂ ಹೇಳಿಲ್ಲ ಸ್ವಾಮಿ,” ಎಂದರು ಉಪಾಧ್ಯಾಯರು. “ಪಾಠ ತೆಗೆದ ವರ್ಷ ಒಂದು ಮಗು, ಇದೇನು ಸಾರ್ ಎಂದು ಕೇಳಿತು. ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ನಾನು ಮೇಲೆ ನೋಡಿದೆ. ಅಷ್ಟೇ.”

ಹೀಗೆ ಹೇಳುವಾಗಲೂ ಅವರು ಮೇಲೆಯೇ ನೋಡುತ್ತಿದ್ದರು.

ಪರಿವೀಕ್ಷಕ ಒಳಗೆ ಹೋಗಿ ಬಳಪವನ್ನು ಎತ್ತಿ ಹುಡುಗಿಯ ಕೈಗಿಟ್ಟ. ಮೆಲ್ಲಗೆ ಕೇಳಿದ: “ನಿನ್ನ ಕಾಲ ಕೆಳಗೆ ಏನಿದೆ ಮಗು?”

“ಏನೂ ಇಲ್ಲ,” ಎಂದು ನಲವತ್ತು ಮಕ್ಕಳು ಒಂದೇ ದನಿಯಲ್ಲಿ ಹೇಳಿದರು.

ಅವನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದ. ಗುಡ್ಡದ ಮೇಲಿನ ಬಿಡಾರದಲ್ಲಿ ವರದಿ ಬರೆಯಲು ಕುಳಿತ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕೆಂದೇ ಕುಳಿತದ್ದು. ಆದರೆ ಬರೆದರೆ ಮೂರು ದೇಶದವರೂ ಕೇಳುತ್ತಾರೆ, ನೆಲದಲ್ಲಿ ಇದ್ದದ್ದೇನು ಎಂದು. ಆಗ ಉತ್ತರ ಹೇಳಬೇಕಾದವನು ತಾನು. ಮೊದಲ ದೇಶದ ಬಾಗಿಲಲ್ಲಿ ಕೂಗಾಡುತ್ತಿದ್ದ ತಂದೆಯ ಮುಖ ನೆನಪಾಯಿತು. ಅಂಥ ಮುಖಗಳು ಎಷ್ಟೋ. ಕೊನೆಗೆ ಬರೆದ: “ಮೂರನೆಯ ದೇಶದಲ್ಲಿ ಗಲಾಟೆಯಿಲ್ಲ. ಮಕ್ಕಳು ಶಿಸ್ತಿನವರು. ಆ ಪುಸ್ತಕವೇ ಎಲ್ಲರಿಗೂ ಆಗಲಿ.” ಕೆಳಗೆ ಸಹಿ ಹಾಕಿದ.

ವರದಿಯನ್ನು ಕಂಕುಳಲ್ಲಿಟ್ಟುಕೊಂಡು ಗುಡ್ಡ ಇಳಿಯತೊಡಗಿದ. ಎದುರಿಗೆ ಬಂದ ಸೌದೆ ಹೊರೆಯವಳೊಬ್ಬಳು ನಿಂತು ನೋಡಿದಳು. “ಯಾಕಪ್ಪಾ, ಮೇಲೆ ಏನು ನೋಡ್ತಾ ಇಳೀತಿದ್ದೀಯ? ಮುಗ್ಗರಿಸಿ ಬಿದ್ದೀಯೆ,” ಎಂದಳು.

ಆಗಲೇ ಅವನಿಗೆ ಅರಿವಾದದ್ದು, ತಾನು ಮೆಟ್ಟಿಲನ್ನು ಕಾಲಿನಿಂದ ತಡವಿಕೊಂಡು ಇಳಿಯುತ್ತಿದ್ದೇನೆಂದು. ತಲೆ ಬಗ್ಗಿಸಲು ನೋಡಿದ. ಕತ್ತು ಬಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಪಾಪ, ಆ ಮಕ್ಕಳಿಗೆ ಪಾಠ ಆಗಲೇ ಇಲ್ಲವಲ್ಲ,” ಎಂದಳು ಪ್ರಭಾಮಣಿ.

ಗುರುಗಳು ಹೇಳಿದರು: “ಮೂರು ದೇಶಗಳಲ್ಲಿ ಅಷ್ಟು ಚೆನ್ನಾಗಿ ಪಾಠ ಕಲಿತ ಮಕ್ಕಳು ಬೇರೆ ಇರಲಿಲ್ಲ ತಾಯಿ.”