ಮಂಟಯ್ಯ ಜೋಡಿ ಹುಡುಕಿದ್ದು

ಹ್ಞೂಂಗುಟ್ಟೋರಿದ್ದರೆ ಹೇಳ್ತೀನಿ, ಕೇಳಿ. ದುಂಡಮ್ಮನಿಗೆ ಒಬ್ಬನೇ ಮಗ, ಮಂಟಯ್ಯ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಹುಡುಗ. ಅದೇ ಅವನ ರೋಗ! ಹುಡುಗರು ಆಟಕ್ಕೆ ಕರೀತಿರಲಿಲ್ಲ, ಊಟಕ್ಕೆ ಪಕ್ಕದಲ್ಲಿ ಕೂರ್ತಿರಲಿಲ್ಲ. ಪಾಪ, ಅವನಿಗೂ ಆಸೆ, ಒಬ್ಬನಾದರೂ ‘ಬಾರೋ’ ಅನ್ನಲಿ ಅಂತ.

ಒಂಬತ್ತನೇ ಕ್ಲಾಸಿಗೆ ಬಂದ. ಅವರ ಹೈಸ್ಕೂಲಲ್ಲಿ ಶನಿವಾರ ಬಂತೆಂದರೆ ಐಚ್ಛಿಕ ವಿಜ್ಞಾನ. ಗಿಡದ ಪಾಠ, ರಸಾಯನ, ಕೆರೆಯ ಪಾಠ, ಆಕಾಶದ ಪಾಠ. ಯಾವುದು ಬೇಕೋ ಆರಿಸ್ಕೊಳ್ಳಬಹುದು. ಆದರೆ ಪ್ರಯೋಗ ಇಬ್ಬಿಬ್ಬರೇ ಸೇರಿ ಮಾಡಬೇಕು. ಜೋಡಿ ಇಲ್ಲದವನಿಗೆ ಪಾಠವೂ ಇಲ್ಲ.

ಅವ್ವ ಹೇಳಿದಳು, “ಮಗಾ, ಜೋಡಿಯಾಗಿ ಸಿಕ್ಕಿದವನನ್ನ ಗಟ್ಟಿಯಾಗಿ ಹಿಡ್ಕೊ! ಬೇರೆಯವರ ಹತ್ರ ಹೋಗಕ್ಕೆ ಬಿಡಬೇಡ!”

“ಆಗಲವ್ವ.”

ಗಿಡದ ಪಾಠಕ್ಕೆ ಹೋದ. ವನಜಾಕ್ಷಿ ಮೇಡಂ ಒಬ್ಬ ಹುಡುಗನನ್ನ ಜೋಡಿ ಮಾಡಿದರು. ಮಂಟಯ್ಯ ಅವನ ರಟ್ಟೆ ಹಿಡಿದ. ಅವನು ಬೀಜ ಹಾಕಬೇಕು, ಬಿಡಲಿಲ್ಲ. ನೀರು ತರಬೇಕು, ಬಿಡಲಿಲ್ಲ. ಒಂದಕ್ಕೆ ಹೋಗಬೇಕು, ಆಗಲೂ ಬಿಡಲಿಲ್ಲ!

“ಅಯ್ಯೋ ಬಿಡಿಸಿ ಮೇಡಂ!” ಅಂತ ಅತ್ತೇಬಿಟ್ಟ ಆ ಹುಡುಗ. ಜೋಡಿ ಹೋಯ್ತು, ಗಿಡದ ಪಾಠವೂ ಹೋಯ್ತು.

ಅವ್ವ ಹಣೆ ಚಚ್ಚಿಕೊಂಡಳು. “ಅಯ್ಯೋ ಪೆದ್ದೇ! ಹಿಡಿಯೋದೇ ಬೇಡ! ಕೈಗೆ ಸಿಕ್ಕಿದ್ರೂ ಬಿಟ್ಬುಡು!”

“ಆಗಲವ್ವ.”

ರಸಾಯನಕ್ಕೆ ಹೋದ. ಹೊಸ ಜೋಡಿ ಗಾಜಿನ ಬುಡ್ಡಿ ಕೈಗಿಟ್ಟು, “ಹುಷಾರು ಕಣೋ” ಅಂದ. ಮಂಟಯ್ಯ ಬಿಟ್ಟ. ಫಳಾರ್! ನೀಲಿ ನೀರೆಲ್ಲ ಮೇಷ್ಟ್ರ ಬಿಳೀ ಪ್ಯಾಂಟಿನ ಮೇಲೆ!

“ಏನೋ ಇದು!”

“ಅವ್ವ ಬಿಟ್ಬುಡು ಅಂದವ್ಳೆ ಸಾ.”

ಅಲ್ಲಿಂದಲೂ ಆಚೆ ಹಾಕಿದರು. ಅವ್ವ ಬೈದಳು, “ಏನನ್ನೂ ಮುಟ್ಟಬೇಡ ಕಣೋ! ದೂರ ನಿಂತು, ಕೈ ಕಟ್ಕೊಂಡು ನೋಡು!”

ಕೆರೆಯ ಪಾಠಕ್ಕೆ ಹೋದ. ನೀರಿನ ಹುಳ ಹಿಡಿಯಲು ಇಳಿದ ಜೋಡಿ ಕೆಸರಲ್ಲಿ ಹೂತುಕೊಂಡ. “ಎಳೆಯೋ ಮಂಟಾ!” ಮಂಟಯ್ಯ ದೂರ ನಿಂತ, ಕೈ ಕಟ್ಟಿದ, ನೋಡಿದ. ಮೊಣಕಾಲು ಮುಳುಗಿತು. “ಎಳೆಯೋ!” ನೋಡಿದ. ಸೊಂಟ ಮುಳುಗಿತು. ಚೆನ್ನಾಗಿ ನೋಡಿದ! ದನ ಮೇಯಿಸೋರು ಓಡಿ ಬಂದು ಎಳೆದು ಹಾಕಿದರು, ಸದ್ಯ.

ಅವತ್ತು ಅವ್ವನಿಗೆ ಬಯ್ಯಲೂ ಆಗಲಿಲ್ಲ. “ನೀ ಹೇಳ್ದಂಗೇ ಮಾಡ್ದೆ ಕಣವ್ವ” ಅಂದ ಮಗ. ಅವಳು ಅತ್ತಳು. “ಇನ್ಮೇಲೆ ನನ್ನ ಮಾತು ಕೇಳಬೇಡ ಕಣಪ್ಪ! ಯಾರ ಮಾತೂ ಕೇಳಬೇಡ! ಮೇಷ್ಟ್ರ ಬಾಯಲ್ಲಿ ಏನು ಬರುತ್ತೋ ಅದಷ್ಟೇ ಮಾಡು!”

ಉಳಿದದ್ದು ಆಕಾಶದ ಪಾಠ ಒಂದೇ. ಮಂಟಯ್ಯನ ಜೋಡಿಯಾಗಲು ಯಾರೂ ಒಲ್ಲರು. ಎಲ್ಲರೂ ಇಬ್ಬಿಬ್ಬರಾದರು, ಇವನೊಬ್ಬ ಗೋಡೆಗೊರಗಿ ನಿಂತ. ಆಗ ಬಂದ ನೋಡಿ ಕೆಂಡಗಣ್ಣ, ಬೇರೆ ಊರಿಂದ ಬಂದು ಹೊಸದಾಗಿ ಸೇರಿದ್ದ ಹುಡುಗ. “ನಂಗೂ ಇಲ್ಲಿ ಯಾರೂ ಇಲ್ಲ ಕಣೋ. ನಾವಿಬ್ರೂ ಜೋಡಿ ಆಗನ್ವಾ?”

ಮಂಟಯ್ಯ ಗೋಡೆ ಬಿಟ್ಟು ಅವನ ಪಕ್ಕಕ್ಕೆ ಬಂದು ನಿಂತ.

ಬಯಲಲ್ಲಿ ಒಬ್ಬ ಕಂಬದ ಹಾಗೆ ನಿಲ್ಲಬೇಕು, ಇನ್ನೊಬ್ಬ ಅವನ ನೆರಳು ಸರಿದ ಹಾಗೆಲ್ಲ ಗುರುತು ಹಾಕಬೇಕು. ಅದು ಪಾಠ. “ಗಂಟೆ ಹೊಡೆಯೋವರೆಗೂ ಅಲ್ಲಾಡಬೇಡಿ, ಬಾಯಿ ಬಿಡಬೇಡಿ!” ಅಂದರು ಮೇಷ್ಟ್ರು. ಮಂಟಯ್ಯ ನಿಂತ. ಏನು ನಿಲ್ಲೋದು ಅಂತೀರಿ! ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ. “ಭೇಷ್!” ಅಂದರು ಮೇಷ್ಟ್ರು. ಹುಟ್ಟಿದ ಮೇಲೆ ಅವನು ಕೇಳಿದ ಮೊದಲನೇ ಭೇಷ್ ಅದು.

ಅಷ್ಟರಲ್ಲಿ ಮೋಡ ಕವಿಯಿತು. ನೆರಳೇ ಇಲ್ಲ! ಮೇಷ್ಟ್ರು ಮಾತಾಡದೆ ಬರೀ ಕೈ ಬೀಸಿ ಎಲ್ಲರನ್ನೂ ಕಳಿಸಿಬಿಟ್ಟರು. ಗಂಟೆ ಹೊಡೆಯೋ ಜವಾನ ಆಗಲೇ ಮನೆ ಸೇರಿದ್ದ.

“ಬಾರೋ ಮಂಟಾ, ನಮ್ಮನೆಗೆ ಹೋಗಣ. ನಮ್ಮವ್ವ ಕಜ್ಜಾಯ ಮಾಡವ್ಳೆ” ಅಂದ ಕೆಂಡಗಣ್ಣ.

ಮಂಟಯ್ಯ ಅಲ್ಲಾಡಲಿಲ್ಲ.

“ಬಾರೋ!”

ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಕಾದದ್ದು ಇದೇ ಮಾತಿಗೆ. ಕೆನ್ನೆ ಮೇಲೆ ನೀರಿಳೀತು, ಒರೆಸಿಕೊಳ್ಳಲೂ ಇಲ್ಲ.

“ನಾನು ಬೇಡ್ವಾ ನಿಂಗೆ? ಹೋಗ್ಲಿ ಬುಡು.” ಕೆಂಡಗಣ್ಣ ಮುಖ ಸಣ್ಣಗೆ ಮಾಡ್ಕೊಂಡು ಹೊರಟುಹೋದ.

ಹೊತ್ತು ಮುಳುಗುವಾಗ ಅವ್ವ ಹುಡುಕಿಕೊಂಡು ಬಂದಳು. “ಬಾ ಮಗಾ!” ಇಲ್ಲ. “ನಾನು ಕಣೋ, ನಿಮ್ಮವ್ವ!” ಊಹೂಂ. ಅವನ ಕಣ್ಣು ಮಾತ್ರ ಜಗಲಿಯಲ್ಲಿ ತೂಗುಹಾಕಿದ್ದ ಗಂಟೆಯ ಮೇಲಿತ್ತು. ತಾಯಿಗೆ ತಿಳಿಯಿತು. ಒಂದು ಕಲ್ಲು ತಗೊಂಡಳು, ಹೊಡೆದಳು.

ಢಣ್!

ಮಂಟಯ್ಯನ ಮುಖ ಅರಳಿತು. ಯಾರೂ ಇಲ್ಲದ ಗೇಟಿನ ಕಡೆ ಓಡುತ್ತಾ ಕೂಗಿದ, “ಓ, ಬಂದೆ ಕಣೋ ಕೆಂಡಗಣ್ಣಾ! ನಡಿ, ನಿಮ್ಮನೆಗೆ ಹೋಗಣ!”