ಸುಂಕವ್ವ ಬಿಟ್ಟ ತೋಳು

ಹೊಳಿ ಇನ್ನೂ ತನಗ ಮನಸ್ಸು ಬಂದ ಕಡೆ ಹರೀತಿದ್ದ ಕಾಲದಾಗ, ಮಡುವಿನಕೊಪ್ಪ ಅನ್ನೋ ಒಂದೂರಾಗ ಸುಂಕವ್ವ ಅಂತ ಒಬ್ಬಾಕಿ ಇದ್ಲಂತ. ಹೆಣ್ಮಕ್ಕಳ ತೋಳಿಗೆ ಸೂಜಿಲೇ ಹಸಿರು ಚಿತ್ರ ಚುಚ್ಚೋ ಹಚ್ಚಿ ಕೆಲಸ ಆಕಿ ಕಸುಬು. ಆಕಿ ಚುಚ್ಚಿದ ನವಿಲು ಮೋಡ ಕವಿದ್ರ ತೋಳಿನ ಮ್ಯಾಲೇ ಗರಿ ಬಿಚ್ಚತಿತ್ತು ಅಂತಾರ. ಆಕಿ ಚುಚ್ಚಿದ ಮೀನು, ಹೆಣ್ಮಕ್ಕಳು ಹೊಳ್ಯಾಗ ಕೈ ಇಳಿಬಿಟ್ರ, ಬಾಲ ಆಡಿಸ್ತಿತ್ತು ಅಂತಾರ. ನಾ ಕಂಡಿಲ್ರವ್ವ. ಕಂಡೋರೆಲ್ಲ ಸತ್ತು ಹೋಗ್ಯಾರ, ಅದಕ್ಕ ಯಾರೂ ಸುಳ್ಳು ಅನ್ನಂಗಿಲ್ಲ.

ಆಕಿಗೊಂದು ರೂಢಿ ಇತ್ತು. ಚುಚ್ಚೋಕಿಂತ ಮೊದಲು ಸೂಜಿನ ನಾಲಿಗಿ ಮ್ಯಾಲೆ ಒಮ್ಮೆ ಎಳೀತಿದ್ಲು. ಆ ಎಂಜಲಿನಿಂದಲೇ ಹಸಿರು ಮಾಸಂಗಿಲ್ಲ ಅಂತ ಜನ ನಂಬಿದ್ರು. ಆಕಿ ಒಂದೊಮ್ಮೆ ಮರೆತ್ರ, ನಂದಕ್ಯಾಕ ನಾಲಿಗಿ ಹಚ್ಚಲಿಲ್ಲಬೇ ಅಂತ ಜಗಳಕ್ಕ ನಿಲ್ಲತಿದ್ರಂತ. ಎಂಥಾ ಮಂದಿ ನೋಡ್ರಿ!

ಸುಂಕವ್ವಗ ಇದ್ದಾಕಿ ಒಬ್ಬಾಕೇ ಮಗಳು, ಹುಲಿಗಿ. ಸಣ್ಣಾಕಿದ್ದಾಗ ಗಂಟಲು ನೋವು ಬಂದು, ಅದರ ಬೆನ್ನಿಗೇ ಕೀಲೆಲ್ಲ ಬಾತು, ಜ್ವರದಾಗ ಮಲಗಿ ಎದ್ದಿದ್ಲು. ಎದ್ದಳಲ್ಲ, ಸಾಕು ಅಂತ ಎಲ್ಲಾರೂ ಮರೆತ್ರು. ದೊಡ್ಡಾಕಿ ಆದ್ಲು, ಮದುವಿ ಗೊತ್ತಾತು. ಆ ಸೀಮ್ಯಾಗ ಹಚ್ಚಿ ಇಲ್ಲದ ಹೆಣ್ಣನ್ನ ಅತ್ತಿಮನಿ ಹೊಸ್ತಿಲು ದಾಟಿಸ್ತಿರಲಿಲ್ಲ. ಬರೀ ತೋಳು ಅಂದ್ರ ಅಪಶಕುನ. ಅದಕ್ಕ ಸುಂಕವ್ವ ಮಗಳ ತೋಳಿಗೆ ಜೋಡಿ ನವಿಲು ಹಾಕಿದ್ಲು. ಹೆತ್ತ ಮಗಳು ಅಂದ್ರ ಕೇಳ್ತೀರಾ! ಸೂಜಿನ ಮತ್ತ ಮತ್ತ ನಾಲಿಗಿಗೆ ಹಚ್ಚಿ, ಪ್ರೀತಿಲೇ ಚುಚ್ಚಿದ್ಲು.

ಸ್ವಲ್ಪ ದಿನಕ್ಕ ಹುಲಿಗಿಗೆ ಸಂಜಿಯಾದ್ರ ಸಣ್ಣ ಜ್ವರ ಸುರುವಾತು. ಮೈತುಂಬ ಬೆವರು, ನಾಕು ಹೆಜ್ಜಿ ಇಟ್ರ ಏದುಸಿರು. ಉಗುರಿನ ಕೆಳಗ ಸಿಬರು ಹೊಕ್ಕಂಗ ಕೆಂಪು ಗೀರು. ಕಣ್ಣು ಬಿದ್ದೈತಿ ಅಂತ ಸುಂಕವ್ವ ಊರಿಗೆಲ್ಲ ಹೇಳಿ ದೃಷ್ಟಿ ತೆಗೆದ್ಲು. ಜ್ವರ ಜಗ್ಗಲಿಲ್ಲ. ಒಂದು ಮಧ್ಯಾಹ್ನ ಮಗಳ ಎದಿಗೆ ಕಿವಿ ಇಟ್ಟು ಕೇಳಿದ್ಲು. ಕೆರಿ ತೂಬು ಮುಚ್ಚಿದ ಮ್ಯಾಲೂ ನೀರು ಸೋರಿದಂಥ ಸಪ್ಪಳ. ಮಗಳನ್ನ ಹರಗೋಲು ಹತ್ತಿಸಿ ಆಚಿ ದಂಡಿ ದವಾಖಾನಿಗೆ ಒಯ್ದಳು.

ಅಲ್ಲಿ ಡಾಕ್ಟರಮ್ಮ ರಕ್ತ ತೆಗೆದು ನೋಡಿ, ತಿಳಿಸಿ ಹೇಳಿದ್ಲಂತ. ಎದಿಯೊಳಗ ರಕ್ತ ಹೋಗಿ ಬರೋಕ ಬಾಗಿಲು ಅದಾವು. ಹಳೇ ಕೀಲುಜ್ವರ ಅದರಾಗ ಒಂದು ಬಾಗಿಲನ್ನ ಆಗಲೇ ಜಜ್ಜಿ ಇಟ್ಟೈತಿ. ಈಗ ಬಾಯಾಗಿನ, ಕಣ್ಣಿಗೆ ಕಾಣದ ಹುಳ ಸೂಜಿ ಗುಂಟ ರಕ್ತಕ್ಕಿಳಿದು ಆ ಜಜ್ಜಿದ ಬಾಗಿಲಿಗೇ ಗೂಡು ಕಟ್ಯಾವು. ತಿಂಗಳ ಮ್ಯಾಲೂ ದಿನಾ ನರಕ್ಕ ಔಷಧ ಹಾಕಬೇಕು. ಜ್ವರ ಬಿಟ್ರೂ ಔಷಧ ಬಿಡಬಾರದು, ಬಿಟ್ರ ಉಳಿದ ಹುಳ ಬಾಗಿಲನ್ನೇ ತಿಂದು ಹುಡುಗಿನ ಒಯ್ತಾವು. ಸುಂಕವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕುಂತ್ಲು.

ಮಗಳ ಮಂಚದ ಕಾಲಿಗೆ ಒರಗಿ ಆಕಿ ಹಾಡಹಗಲೇ ಕನಸು ಕಾಣ್ತಿದ್ಲು ಅಂತಾರ. ಕನಸಿನಾಗ ಮಗಳ ಎದಿಯೊಳಗ ಹೊಕ್ಕಿದ್ಲಂತ. ಒಳಗೆಲ್ಲ ಕೆಂಪು ಬೆಳಕು, ಬೆಚ್ಚಗಿನ ಹೊಳಿ, ತಾವೇ ತೆರೆದು ತಾವೇ ಮುಚ್ಚೋ ಬಾಗಿಲು. ಒಂದು ಬಾಗಿಲಿಗೆ ಮಾತ್ರ ಪಾಚಿ ಕಟ್ಟಿತ್ತಂತ. ಮ್ಯಾಲಿಂದ ಔಷಧ ತೊಟ್ಟು ತೊಟ್ಟು ಬೀಳ್ತಿತ್ತು, ಪಾಚಿ ನಿಧಾನಕ್ಕ ಕರಗತಿತ್ತು. ದಿನಾ ಅದೇ ಕನಸು, ದಿನಾ ಒಂದಿಷ್ಟು ಕಡಿಮಿ ಪಾಚಿ.

ಜ್ವರ ಬಿಡ್ತು. ಹುಲಿಗಿ ಎದ್ದು ಕುಂತು ರೊಟ್ಟಿ ಕೇಳಿದ್ಲು. ಅಷ್ಟರಾಗ ಆಕಿ ಅತ್ತಿ ಆಗೋ ಗಾಳೆವ್ವ ಮಂದಿ ಕಟ್ಕೊಂಡು ದವಾಖಾನಿಗೆ ಬಂದ್ಲು. ಮುಹೂರ್ತ ಹತ್ರ ಬಂತು, ಹುಡುಗಿ ಗಟ್ಟಿ ಆಗ್ಯಾಳ, ಇವತ್ತ ಕಳಸು, ಇಲ್ಲಾಂದ್ರ ಸಂಬಂಧ ಮುರೀತು ಅಂದ್ಲು. ಹೋಗೋಣಬೇ ಅಂತ ಹುಲಿಗಿನೂ ಅತ್ಲು. ಸುಂಕವ್ವಗ ಗೊತ್ತು, ಬಾಗಿಲಿಗೆ ಇನ್ನೂ ಪಾಚಿ ಐತಿ. ಕಣ್ಣು ಬಿದ್ದದ್ದು ಅಂದ್ರ ಗಾಳೆವ್ವ ಒಂದು ನಿಂಬಿಹಣ್ಣಿನಾಗ ಮುಗಿಸಿ ಕರ್ಕೊಂಡು ಹೋಗ್ತಾಳ. ಖರೇ ಹೇಳಿದ್ರ ನಾಳಿಯಿಂದ ಯಾರೂ ಆಕಿ ಮುಂದ ತೋಳು ಚಾಚಂಗಿಲ್ಲ, ಹೊಟ್ಟಿಗೆ ತಣ್ಣೀರ ಬಟ್ಟಿನೇ ಗತಿ.

ಆಕಿ ಎದ್ದು ಅಡ್ಡ ನಿಂತ್ಲು.

“ಕಣ್ಣಲ್ಲ ಬೀಗತಿ, ನನ್ನ ನಾಲಿಗಿ. ಈ ಎಂಜಲೇ ನನ್ನ ಮಗಳ ಎದಿ ಸೇರೈತಿ. ಸಂಬಂಧ ಬಿಟ್ರ ಬಿಡು. ಔಷಧ ಮುಗಿಯೋತನಕ ನಾ ಕಳಸಂಗಿಲ್ಲ!”

ಗಾಳೆವ್ವ ತನ್ನ ತೋಳು ನೋಡಿಕೊಂಡ್ಲು. ಅಲ್ಲಿದ್ದದ್ದೂ ಸುಂಕವ್ವನ ಹಚ್ಚಿನೇ. ತನ್ನ ಹೊಟ್ಟಿಗೇ ಹೊಡಕೊಂಡು ಯಾರೂ ಸುಳ್ಳು ಹೇಳಂಗಿಲ್ಲ ಅಂದ್ಲಂತ. ಆಮ್ಯಾಲೆ ಬಂದ ಮಂದಿನ ಊರಿಗೆ ಕಳಿಸಿ, ತಾನು ಮಂಚದ ಇನ್ನೊಂದು ಬದಿಗೆ ಕುಂತ್ಲು. ಔಷಧ ಮುಗಿಯೋತನಕ ಅಲ್ಲೇ ಕುಂತಿದ್ಲು ಅಂತಾರ.

ಹುಲಿಗಿ ಉಳಿದ್ಲು. ತಲಿ ಬೆಳ್ಳಗಾಗೋತನಕ ಬದುಕಿದ್ಲು ಅಂತ ಕೆಲವರು, ಮೊಮ್ಮಕ್ಕಳನ್ನ ಆಡಿಸಿದ್ಲು ಅಂತ ಕೆಲವರು. ಬಾಗಿಲೇನೋ ಕೊನಿತನಕ ಸ್ವಲ್ಪ ಸೋರ್ತಾನೇ ಇತ್ತು. ಅದಕ್ಕ ಬಾಯಿ ಸ್ವಚ್ಛ ಇಟ್ಕೊಳ್ತಿದ್ಲು, ಹಲ್ಲು ಕೀಳಿಸೋಕ ಹೋಗೋಕಿಂತ ಮೊದಲು ಡಾಕ್ಟರಮ್ಮನ ಗುಳಿಗಿ ನುಂಗತಿದ್ಲು. ಸುಂಕವ್ವನ ಕಡೆ ಬಾಳ ದಿನ ಯಾರೂ ಸುಳೀಲಿಲ್ಲ. ಆಕಿ ನಾಲಿಗಿ ಬಿಟ್ಟು ಸೂಜಿನ ನೀರಾಗ ಕುದಿಸೋದು ಕಂಡು, ಆಮ್ಯಾಲೆ ಒಬ್ಬೊಬ್ಬರೇ ಬಂದ್ರು.

ಇವತ್ತಿಗೂ ಆ ಸೀಮ್ಯಾಗ ಹಚ್ಚಿ ಸೂಜಿ ಎಲ್ಲಾರ ಕಣ್ಣೆದುರಿಗೇ ಕುದೀಬೇಕು. ಕೂಸಿಗೆ ಗಂಟಲು ಕೆಟ್ಟು ಜ್ವರ ಬಂದ್ರ ಅವತ್ತೇ ದವಾಖಾನಿ. ಕೀಲುಜ್ವರ ಬಂದು ಹೋದ ಹುಡುಗಿಗೆ ಮಾತ್ರ, ಸುಂಕವ್ವ ಆಮ್ಯಾಲೆ ಚುಚ್ಚದ ಬಿಟ್ಟಂಗ, ಯಾರೂ ಸೂಜಿ ಮುಟ್ಟಿಸಂಗಿಲ್ಲ, ಆಕಿ ಬರೀ ತೋಳಿಲೇ ಗಂಡನ ಮನಿಗೆ ಬರ್ತಾಳ. ಹೊಸ್ತಿಲಾಗ ಅತ್ತಿ ಆದಾಕಿ ಆ ತೋಳಿಗೆ ಅರಿಷಿಣ ಹಚ್ಚಿ, ಬಂದ ಮಂದಿಗೆಲ್ಲ ಕೇಳೋ ಹಂಗ, “ಇದು ಸುಂಕವ್ವ ಬಿಟ್ಟ ತೋಳು,” ಅಂತ ಹೇಳಿ, ಸೊಸಿನ ಕೈ ಹಿಡಿದು ಒಳಗ ಕರ್ಕೊಳ್ತಾಳ.