ಓರೆ ಬೆಳಕಿನಲ್ಲಿ ಒಂದು ವರಹ

"ಬುದ್ಧೀ, ಒಂದು ಸಲ ನೋಡಿದರೆ ಮನುಷ್ಯನ ಯೋಗ್ಯತೆ ತಿಳಿಯುವುದಿಲ್ಲವೇ?" ಎಂದು ನಿಜಗುಣ ತನ್ನ ಗುರುಗಳನ್ನು ಕೇಳಿದ.

ಕೇಳಿದ್ದು ಪ್ರಶ್ನೆಯಂತಿದ್ದರೂ ಅವನಿಗೆ ಬೇಕಾಗಿದ್ದದ್ದು ಒಪ್ಪಿಗೆ. ಮಠದ ಸಂಜೆ ಶಾಲೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಕೆಲಸ ಕೇಳಿಕೊಂಡು ಪುಟ್ಟನಂಜಮ್ಮ ಎಂಬ ಹೆಂಗಸು ಬಂದಿದ್ದಳು. ನಿಜಗುಣ ಅವಳಿಂದ ಒಂದು ಪಾಠ ಮಾಡಿಸಿ ನೋಡಿದ. ದನಿ ಏಳಲಿಲ್ಲ, ಸೀಮೆಸುಣ್ಣ ಕೈಜಾರಿತು. ವಾಪಸು ಕಳಿಸುವುದೆಂದು ಅವನು ತೀರ್ಮಾನಿಸಿಯಾಗಿತ್ತು. ಆದರೆ ಅವಳು ಕಲಿಸುತ್ತಿದ್ದ ಶಾಲೆ ಮುಚ್ಚಿಹೋಗಿ ಬೇರೆ ದಾರಿಯಿಲ್ಲದೆ ಬಂದವಳು. ಚೀಲ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕಾಯುತ್ತಿದ್ದಳು. ಗುರುಗಳೇ ಒಮ್ಮೆ ಹೌದು ಅಂದುಬಿಟ್ಟರೆ ಮನಸ್ಸು ಹಗುರ.

ಗುರುಗಳು ಕಾಲು ಮಡಚಿ ಸರಿಯಾಗಿ ಕೂತರು. ಹಾಗೆ ಕೂತರೆ ಕತೆ ಬರುತ್ತದೆ, ಬೇಗ ಬಿಡುವುದಿಲ್ಲ ಎಂದು ಅವನಿಗೆ ಗೊತ್ತು.

ಒಬ್ಬ ವರ್ತಕನಿದ್ದ ಕಣಪ್ಪಾ, ಎಂದು ಅವರು ಶುರುಮಾಡಿದರು. ಹಳೆಯ ಚಿನ್ನದ ನಾಣ್ಯದ ಫೋಟೋ ಕಳಿಸಿದರೆ ಸಾಕು, ಕೂತಲ್ಲೇ ದರ್ಜೆ ಹೇಳುತ್ತಿದ್ದ. ಇದು ಹೊಸದರ ಹಾಗಿದೆ, ಇದು ಅಲ್ಪಸ್ವಲ್ಪ ಸವೆದಿದೆ, ಇದನ್ನು ಯಾರೋ ತಿಕ್ಕಿ ಹೊಳಪು ಬರಿಸಿ ಕೆಡಿಸಿದ್ದಾರೆ, ಹೀಗೆ. ಹೇಳಿದ್ದು ಹುಸಿಯಾಗುತ್ತಿರಲಿಲ್ಲ. ಜಂಬವೂ ಬಂತು, ಬರದೆ ಇರುತ್ತದೆಯೇ?

ಒಬ್ಬ ಹೆಂಗಸು ಅವನಿಗೆ ಒಂದು ವರಹದ ಫೋಟೋ ಕಳಿಸಿದಳು. ಅತ್ತೆ ಕೊನೆಗಾಲದಲ್ಲಿ ಅವಳ ಕೈಗಿಟ್ಟ ವರಹ. ಕರಗಿಸಿ ಓಲೆ ಮಾಡಿಸಬೇಕೆಂದು ಮನೆಯವರ ಹಟ; ಇದ್ದ ಹಾಗೇ ಉಳಿಸಿಕೊಳ್ಳಬೇಕೆಂದು ಅವಳ ಆಸೆ. ವರ್ತಕ ಒಳ್ಳೆಯ ದರ್ಜೆ ಅಂದರೆ ಉಳಿಯಲಿ, ಇಲ್ಲವಾದರೆ ಅಕ್ಕಸಾಲಿಯ ಮೂಸೆಗೆ ಹೋಗಲಿ ಎಂದು ಮನೆಯಲ್ಲಿ ಮಾತಾಗಿತ್ತು. ಫೋಟೋದಲ್ಲಿ ಶಿವನ ಮುಖ ಚಪ್ಪಟೆ, ಪಾರ್ವತಿಯ ಮುಖವೂ ಚಪ್ಪಟೆ.

"ಪೂರ್ತಿ ಸವೆದಿದೆ ತಾಯಿ, ಕರಗಿಸಿಬಿಡಿ" ಎಂದು ವರ್ತಕ ಫೋನಿನಲ್ಲಿ ಹೇಳಿದ.

ಆಕೆ ಫೋನ್ ಇಡಲಿಲ್ಲ. "ಅಲ್ಲಣ್ಣಾ, ನಮ್ಮತ್ತೆ ಇದನ್ನು ಒಬ್ಬರ ಕೈಗೂ ಕೊಟ್ಟವರಲ್ಲ. ಅವರತ್ತೆಯಂತೂ ಅವರಿಗಿಂತ ಜಿಗುಟು. ಬಟ್ಟೆಯಲ್ಲಿ ಸುತ್ತಿದ್ದು ಸುತ್ತಿದ ಹಾಗೇ ಇತ್ತು. ಸವೆಯಬೇಕಾದರೆ ಯಾರಾದರೂ ಮುಟ್ಟಬೇಕಲ್ಲ?"

ವರ್ತಕ ಆ ಫೋಟೋವನ್ನು ಮತ್ತೆ ತೆರೆದು ನೋಡಿದ. ಕೊನೆಗೆ, "ಕಿಟಕಿ ಹತ್ತಿರ ಹೋಗಿ ತಾಯಿ. ನಾಣ್ಯವನ್ನು ಈ ಕಡೆ ಓರೆ ಮಾಡಿ ಒಂದು ಫೋಟೋ, ಆ ಕಡೆ ಓರೆ ಮಾಡಿ ಇನ್ನೊಂದು" ಎಂದ.

ಎರಡೂ ಬಂದವು. ಮೊದಲನೆಯದರಲ್ಲಿ ಎಡ ಅಂಚಿನಲ್ಲಿದ್ದ ಮಿನುಗು ಎರಡನೆಯದರಲ್ಲಿ ಬಲಕ್ಕೆ ಹರಿದಿತ್ತು. ಟಂಕಸಾಲೆಯಿಂದ ಹೊರಬಂದಾಗ ನಾಣ್ಯದ ಮೈಮೇಲಿರುವ ಮಿನುಗು ಅದು. ನಾಲ್ಕು ಕೈ ದಾಟಿದರೆ ಮೊದಲು ಅಳಿಯುವುದೇ ಅದು. ಆ ಚಪ್ಪಟೆ ಮುಖಗಳು ಸವೆದಿರಲಿಲ್ಲ ನಿಜಗುಣ. ನಾಣ್ಯ ಹೊಡೆಯುವಾಗ ಸುತ್ತಿಗೆಯ ಪೆಟ್ಟು ಮೆತ್ತಗೆ ಬಿದ್ದು ಅಚ್ಚು ಸರಿಯಾಗಿ ಮೂಡಿರಲಿಲ್ಲ, ಅಷ್ಟೆ. ನೇರ ಎದುರಿನಿಂದ ತೆಗೆದ ಒಂದೇ ಫೋಟೋದಲ್ಲಿ ಸವೆದದ್ದೂ ಮೂಡದೆ ಹೋದದ್ದೂ ಒಂದೇ ತರಹ ಕಾಣುತ್ತವೆ.

"ಮೂಸೆಗೆ ಹಾಕಬೇಡಿ ತಾಯೀ!" ಎಂದು ವರ್ತಕ ಕೂಗಿದನಂತೆ. "ಇದು ಇನ್ನೂ ಬಳಕೆಗೇ ಬಂದಿಲ್ಲ!"

ಗುರುಗಳು ಕತೆ ನಿಲ್ಲಿಸಿ ನಕ್ಕರು. ನಿಜಗುಣ ನಗಲಿಲ್ಲ, ಎದ್ದ.

"ನಾಳೆ ಇನ್ನೊಂದು ಪಾಠ ಮಾಡಿಸಿ ನೋಡುತ್ತೇನೆ ಬುದ್ಧೀ. ಈ ಸಲ ಬಾಗಿಲಲ್ಲಿ ನಿಂತು ದುರುಗುಟ್ಟುವುದಿಲ್ಲ, ಕಲಿಯುವವರ ಜೊತೆ ಚಾಪೆಯ ಮೇಲೆ ಕೂರುತ್ತೇನೆ" ಎಂದು ಜಗಲಿಯ ಕಡೆ ಹೊರಟವನು ಹೊಸ್ತಿಲಲ್ಲಿ ತಿರುಗಿದ. "ಅಂದರೆ, ಆಕೆ ಒಳ್ಳೆಯ ಶಿಕ್ಷಕಿ ಅಂತಲೇ ನಿಮ್ಮ ಅಭಿಪ್ರಾಯವೋ?"

"ನನಗೆ ಹೇಗಪ್ಪಾ ಗೊತ್ತಾಗಬೇಕು, ನಾನು ನೋಡಿರುವುದು ನೀನು ತೆಗೆದ ಫೋಟೋ ಮಾತ್ರ."